ಮಗಳನ್ನು ತಮ್ಮನಿಗೆ ಕೊಡುವ ಮೊದಲು ಯಾವ ರಕ್ತ ಪರೀಕ್ಷೆ ಮಾಡಿಸಬೇಕು?

ಬೆಟಗೇರಿ ತಾಯಿ:
ಎಲ್ಲರಿಗೂ ನಮಸ್ಕಾರ. ಗದಗ ಬೆಟಗೇರಿಯಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳಿಗೆ 23 ವರ್ಷ. ಬಿಕಾಂ ಮುಗಿಸಿ ಆಡಿಟರ್ ಒಬ್ಬರ ಹತ್ತಿರ ಕೆಲಸ ಮಾಡುತ್ತಾಳೆ. ನನ್ನ ತಮ್ಮನಿಗೆ 31. ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಒಳ್ಳೆಯ ಹುಡುಗ, ಯಾವ ಚಟವೂ ಇಲ್ಲ. ನಮ್ಮ ಅವ್ವನಿಗೆ ಮೊಮ್ಮಗಳನ್ನೇ ಸೊಸೆ ಮಾಡಿಕೊಳ್ಳುವ ಆಸೆ. ಕಳ್ಳುಬಳ್ಳಿ ಕಡಿಯಬಾರದು ಅನ್ನುತ್ತಾಳೆ. ದೀಪಾವಳಿ ಮುಗಿದ ಮೇಲೆ ನಿಶ್ಚಯ ಎಂದು ಮನೆಯಲ್ಲಿ ಮಾತಾಗಿದೆ.

ನನಗೆ ಮಾತ್ರ ಭಯ. ನನ್ನ ತಂಗಿಯನ್ನು ನಮ್ಮ ಸೋದರಮಾವನ ಮಗನಿಗೆ ಕೊಟ್ಟಿದ್ದೇವೆ. ಅವಳ ಮಗನಿಗೆ ಈಗ 9 ವರ್ಷ. ಅವನಿಗೆ ಥಲಸ್ಸೀಮಿಯಾ ಎಂಬ ರಕ್ತದ ರೋಗ ಇದೆ. ಹುಟ್ಟಿದಾಗ ಗುಂಡಗೆ ಇದ್ದ. ಆರು ತಿಂಗಳಾಗುವ ಹೊತ್ತಿಗೆ ಬಿಳಿಚಿಕೊಂಡ. ಹಾಲು ಕುಡಿಯುತ್ತಲೇ ಸುಸ್ತಾಗಿ ಮಲಗಿಬಿಡುತ್ತಿದ್ದ. ಹೊಟ್ಟೆ ಉಬ್ಬಿತು. ಆಗಿನಿಂದ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಿದ್ದಾರೆ.

ಇದು ನಮ್ಮ ರಕ್ತದಲ್ಲಿ ಇಲ್ಲ, ಅಣ್ಣನ ಹೆಂಡತಿ ತವರಿನಿಂದ ತಂದದ್ದು ಎಂದು ಅವ್ವ ಒಂಬತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾಳೆ. ಆ ಅತ್ತೆಯ, ಅಂದರೆ ನಮ್ಮ ಸೋದರಮಾವನ ಹೆಂಡತಿಯ ಜೊತೆ ಮಾತೇ ಬಿಟ್ಟಿದ್ದಾಳೆ. ಅತ್ತೆ ಏನೂ ತಿರುಗಿ ಹೇಳುವುದಿಲ್ಲ. ಮೊಮ್ಮಗನನ್ನು ನೋಡಿ ಅಳುತ್ತಾರೆ ಅಷ್ಟೇ.

ನನ್ನ ಪ್ರಶ್ನೆ ಇದು. ನನ್ನ ಮಗಳು, ತಮ್ಮ ಇಬ್ಬರೂ ನೋಡಲು ಗಟ್ಟಿಮುಟ್ಟಾಗಿದ್ದಾರೆ. ಇವರ ಮಕ್ಕಳಿಗೆ ಹೀಗೆ ಆಗಬಹುದಾ? ಮೊದಲೇ ತಿಳಿಯುವ ಪರೀಕ್ಷೆ ಇದೆಯಾ?

ಸಪ್ತಾಪುರ ಮಾಸ್ತರ:
ತಂಗೀ, ನಾನು ಧಾರವಾಡದಲ್ಲಿ ಮೂವತ್ತು ವರ್ಷ ಪಿಯುಸಿ ಹುಡುಗರಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ನಿಮ್ಮ ಭಯ ಸರಿಯಾಗಿದೆ. ಪರೀಕ್ಷೆ ಖಂಡಿತ ಇದೆ.

ರಕ್ತ ಕೆಂಪಾಗಿರುವುದು ಹಿಮೋಗ್ಲೋಬಿನ್‌ನಿಂದ. ಅದನ್ನು ಕಟ್ಟಲು ಆಲ್ಫಾ, ಬೀಟಾ ಎಂಬ ಎರಡು ಬಗೆಯ ಎಳೆಗಳು ಬೇಕು. ಬೀಟಾ ಎಳೆಯನ್ನು ಹೇಗೆ ಮಾಡಬೇಕು ಎಂಬ ಬರಹ 11ನೇ ಕ್ರೋಮೋಸೋಮಿನಲ್ಲಿ ಇರುತ್ತದೆ. ಅದೇ ಜೀನ್. ನಮ್ಮೆಲ್ಲರ ಹತ್ತಿರ ಅದರ ಎರಡು ಪ್ರತಿ ಇರುತ್ತವೆ, ಅಪ್ಪನದೊಂದು, ಅವ್ವನದೊಂದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರಿಗೆ ಥಲಸ್ಸೀಮಿಯಾ ಮೈನರ್ ಎನ್ನುತ್ತಾರೆ. ವಾಹಕರು ಎಂದೂ ಹೇಳುತ್ತಾರೆ. ಇವರು ರೋಗಿಗಳಲ್ಲ. ಹೊಲದಲ್ಲಿ ದುಡಿಯುತ್ತಾರೆ, ಮಕ್ಕಳನ್ನು ಹೆರುತ್ತಾರೆ, ಪೂರ್ತಿ ಆಯುಷ್ಯ ಬದುಕುತ್ತಾರೆ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

ತೊಂದರೆ ಬರುವುದು ವಾಹಕರಿಬ್ಬರು ಮದುವೆಯಾದಾಗ. ಮಗುವಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಬಂದರೆ ಅದು ಮೇಜರ್. ಪ್ರತಿ ಬಸುರಿನಲ್ಲೂ ಅದರ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಎಂದು ಲೆಕ್ಕ ಹಾಕಬೇಡಿ. ಪ್ರತಿ ಸಲವೂ ಲೆಕ್ಕ ಹೊಸದು.

ಮೊದಲ ಆರು ತಿಂಗಳು ನಿಮ್ಮ ತಂಗಿಯ ಮಗು ಚೆನ್ನಾಗಿದ್ದದ್ದಕ್ಕೂ ಕಾರಣ ಇದೆ. ಹೊಟ್ಟೆಯಲ್ಲಿದ್ದಾಗ ಮಗುವಿನ ಹಿಮೋಗ್ಲೋಬಿನ್ ಬೇರೆ ಬಗೆಯದು. ಅದಕ್ಕೆ ಬೀಟಾ ಎಳೆ ಬೇಡ. ಹುಟ್ಟಿದ ಮೇಲೆ ಅದು ನಿಧಾನವಾಗಿ ಕಡಿಮೆಯಾಗುತ್ತದೆ. ಬೀಟಾದ ಸರದಿ ಬಂದಾಗ ರೋಗ ಹೊರಗೆ ಕಾಣುತ್ತದೆ.

ಈಗ ನಿಮ್ಮ ಮನೆಯ ಲೆಕ್ಕ. ಮಗನಿಗೆ ಮೇಜರ್ ಇದೆ ಎಂದ ಮೇಲೆ ನಿಮ್ಮ ತಂಗಿ ವಾಹಕಳು. ಅವಳಿಗೆ ಅದು ನಿಮ್ಮ ಅಪ್ಪ, ಅವ್ವ ಇಬ್ಬರಲ್ಲಿ ಒಬ್ಬರಿಂದ ಬಂದಿರಬೇಕು. ಹಾಗಾದರೆ ನಿಮಗೆ ಬಂದಿರುವ ಸಾಧ್ಯತೆ ಎರಡರಲ್ಲಿ ಒಂದು, ತಮ್ಮನಿಗೂ ಅಷ್ಟೇ. ನಿಮ್ಮ ಮಗಳಿಗೆ ನಾಲ್ಕರಲ್ಲಿ ಒಂದು. ಮಗಳು, ತಮ್ಮ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಎಂಟರಲ್ಲಿ ಒಂದು. ಅವರ ಒಂದೊಂದು ಮಗುವಿಗೂ ಮೇಜರ್ ಬರುವ ಸಾಧ್ಯತೆ 32ರಲ್ಲಿ ಒಂದು. ಸಂಬಂಧವೇ ಇಲ್ಲದ ಹೊರಗಿನ ವರನಾದರೆ? ನಮ್ಮ ದೇಶದಲ್ಲಿ ನೂರು ಜನರಲ್ಲಿ ಸುಮಾರು ಮೂರು ನಾಲ್ಕು ಮಂದಿ ವಾಹಕರು. ಆಗ ಲೆಕ್ಕ ಸುಮಾರು 480ರಲ್ಲಿ ಒಂದಕ್ಕೆ ಇಳಿಯುತ್ತದೆ.

ಆದರೆ ಈ ಲೆಕ್ಕ ನೆಚ್ಚಿಕೊಂಡು ಕೂರಬೇಡಿ. ಪರೀಕ್ಷೆ ಮಾಡಿಸಿದರೆ 32 ಎಂಬ ಅಂಕಿಯೇ ಇರುವುದಿಲ್ಲ. ಇಬ್ಬರಲ್ಲಿ ಒಬ್ಬರು ವಾಹಕರಲ್ಲ ಎಂದು ಬಂದರೆ ಮೇಜರ್‌ನ ಭಯ ಇಲ್ಲ. ಇಬ್ಬರೂ ವಾಹಕರಾದರೆ ಅದು ನೇರ ನಾಲ್ಕರಲ್ಲಿ ಒಂದು.

ಇನ್ನೊಂದು ಮಾತು. ನಿಮ್ಮ ಅತ್ತೆಯ ಮೇಲೆ ಹೊರಿಸಿದ ದೋಷ ತಪ್ಪು. ಒಬ್ಬರ ಕಡೆಯಿಂದ ಈ ರೋಗ ಬರುವುದೇ ಇಲ್ಲ. ನಿಮ್ಮ ತಂಗಿಯ ಮೂಲಕ ನಿಮ್ಮ ಮನೆಯ ಪಾಲೂ ಅದರಲ್ಲಿ ಅರ್ಧ ಇದೆ.

ನರಗುಂದ ಹುಡುಗ:
ಸರ್, ಗೌರವದಿಂದಲೇ ಕೇಳುತ್ತೇನೆ. ನಮ್ಮ ಅಪ್ಪ ನಮ್ಮ ಅವ್ವನಿಗೆ ಸೋದರಮಾವ. ನಾವು ಮೂರು ಜನ ಮಕ್ಕಳು, ಮೂವರೂ ಆರಾಮ ಇದ್ದೇವೆ. ನಮ್ಮ ಊರಲ್ಲಿ ಇಂಥ ಮನೆ ಎಷ್ಟೋ ಇವೆ. ಹೆಣ್ಣುಮಕ್ಕಳು ತವರಿನವರ ನಡುವೆಯೇ ಇರುತ್ತಾರೆ, ಕಷ್ಟಕ್ಕೆ ಆಗುತ್ತಾರೆ, ಹೊಲ ಮನೆ ಒಡೆಯುವುದಿಲ್ಲ. ಜೊತೆಗೆ ನಾವು ಬೆಡಗು, ಅಂದರೆ ಗೋತ್ರದ ಹಾಗೆ ಮನೆತನದ ಕುಲ, ನೋಡಿಯೇ ಮಾಡುತ್ತೇವೆ. ಒಂದೇ ಬೆಡಗಿನಲ್ಲಿ ಕೊಡುವುದಿಲ್ಲ. ಹಾಗಿದ್ದರೂ ದೋಷ ಹೇಗೆ?

ಸಪ್ತಾಪುರ ಮಾಸ್ತರ:
ಒಳ್ಳೆಯ ಪ್ರಶ್ನೆ ತಮ್ಮಾ. ನಿಮ್ಮ ಮನೆಯವರು ಆರಾಮ ಇರುವುದು ಸಂತೋಷ. ಅದು ಅಚ್ಚರಿಯೂ ಅಲ್ಲ. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಯಾವ ಮದುವೆಯಲ್ಲಾದರೂ ನೂರಕ್ಕೆ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ತೊಂದರೆ ಇರುತ್ತದೆ. ಅತ್ತೆಯ ಮಗಳು, ಮಾವನ ಮಗ ಇಂಥ ಸಂಬಂಧದಲ್ಲಿ ಅದಕ್ಕೆ ಇನ್ನೂ ಎರಡು ಮೂರು ಸೇರುತ್ತದೆ. ಸೋದರಮಾವನಾದರೆ ಇನ್ನೂ ಸ್ವಲ್ಪ ಜಾಸ್ತಿ. ಮನೆಯಲ್ಲಿ ಈಗಾಗಲೇ ಒಂದು ರೋಗ ಕಂಡಿದ್ದರೆ ಈ ಸರಾಸರಿ ಉಪಯೋಗಕ್ಕೆ ಬರುವುದಿಲ್ಲ. ಬೆಟಗೇರಿ ತಂಗಿಯ ಮನೆಯದು ಅಂಥ ಸಂಗತಿ.

ಬೆಡಗು, ಗೋತ್ರ ಎಣಿಸುವುದು ಅಪ್ಪನ ಕಡೆಯಿಂದ ಮಾತ್ರ. ಅವ್ವನ ಕಡೆಯ ರಕ್ತ ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಸೋದರಮಾವ ಮತ್ತು ಅಕ್ಕನ ಮಗಳು ಯಾವಾಗಲೂ ಬೇರೆ ಬೇರೆ ಬೆಡಗಿನವರೇ ಆಗಿರುತ್ತಾರೆ. ಆದರೆ ಅವರಿಬ್ಬರ ಜೀನ್‌ಗಳಲ್ಲಿ ಸುಮಾರು ಕಾಲು ಭಾಗ ಒಂದೇ. ಅತ್ತೆ-ಮಾವನ ಮಕ್ಕಳಲ್ಲಿ ಎಂಟನೇ ಒಂದು ಭಾಗ. ಅಜ್ಜಿಯ ಹತ್ತಿರ ಒಂದು ಕೆಟ್ಟ ಪ್ರತಿ ಇದ್ದರೆ ಅದು ಮಗನ ಮೂಲಕವೂ ಮಗಳ ಮೂಲಕವೂ ಇಳಿದು ಮರಿಮೊಮ್ಮಗನಲ್ಲಿ ಮತ್ತೆ ಕೂಡುವ ದಾರಿ ಇರುತ್ತದೆ. ಬೆಡಗು ಆ ದಾರಿಯನ್ನು ಮುಚ್ಚುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲಿ ಒಂದು ಮದುವೆ ಸಂಬಂಧದಲ್ಲೇ ಆಗಿದೆ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ರೂಢಿ ಇದ್ದ ಕಡೆ ಇದಕ್ಕೆ ಅವಕಾಶ ಕೊಟ್ಟಿದೆ. ಹಾಗಾಗಿ ಇದು ಎಲ್ಲೋ ಯಾರದೋ ಮನೆಯ ವಿಷಯ ಅಲ್ಲ. ನನ್ನ ಅವ್ವನೂ ತನ್ನ ಸೋದರಮಾವನಿಗೇ ಬಂದವಳು. ನಾನು ಯಾರನ್ನೂ ಬೈಯುತ್ತಿಲ್ಲ. ನೋಡಿ ಮಾಡಿ ಎಂದಷ್ಟೇ ಹೇಳುತ್ತಿದ್ದೇನೆ.

ರಾಣೆಬೆನ್ನೂರು ಬೀಜದವ:
ನಾನು ರೈತ. ಡಾಕ್ಟರಿಕೆ ಗೊತ್ತಿಲ್ಲ, ಬೀಜ ಗೊತ್ತು. ನಮ್ಮ ಕಡೆ ಬೀಜೋತ್ಪಾದನೆ ಜಾಸ್ತಿ. ಹತ್ತಿಯಲ್ಲಿ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಸಂಜೆ ಕೇಸರ ತೆಗೆಯುತ್ತೇವೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಸವರುತ್ತೇವೆ. ಧಾರವಾಡದ ಕೃಷಿ ವಿಜ್ಞಾನಿಗಳು ಕೊಟ್ಟ ವರಲಕ್ಷ್ಮಿ 1972ರದು, ಜಯಲಕ್ಷ್ಮಿ 1981ರದು. ಎರಡೂ ಬೇರೆ ಬೇರೆ ಜಾತಿಯ ಹತ್ತಿ ಕೂಡಿಸಿ ಮಾಡಿದವು. ನಮ್ಮ ಅಪ್ಪ ಜಯಲಕ್ಷ್ಮಿ ಬೆಳೆದೇ ಮನೆ ಕಟ್ಟಿಸಿದ.

ಎಮ್ಮೆಗೂ ಹಾಗೇ. ಒಂದು ಕೋಣವನ್ನು ಅದರ ಮಗಳ ಮೇಲೆ ಬಿಡುವುದಿಲ್ಲ. ದನದ ಡಾಕ್ಟರ್ ಇಂಜೆಕ್ಷನ್ ಕೊಡುವಾಗಲೂ ಹಿಂದೆ ಯಾವ ಹೋರಿಯದು ಎಂದು ಕೇಳುತ್ತಾರೆ. ದನಕ್ಕೆ ಇಷ್ಟು ನೋಡುವ ನಾವು ಮಗಳಿಗೆ ಯಾಕೆ ನೋಡಬಾರದು ಎಂದು ನನಗೆ ಬಹಳ ದಿನದಿಂದ ಅನಿಸಿದೆ. ನನ್ನ ಮಗಳನ್ನು ಸಂಬಂಧದಲ್ಲಿ ಕೇಳಿದರು. ನಾನು ಕೊಡಲಿಲ್ಲ. ಅಣ್ಣ ಇವತ್ತಿಗೂ ಮುನಿಸಿಕೊಂಡಿದ್ದಾನೆ, ಅದು ಬೇರೆ ಮಾತು.

ಸಪ್ತಾಪುರ ಮಾಸ್ತರ:
ನಿಮ್ಮ ಹೋಲಿಕೆ ಇಷ್ಟವಾಯಿತು. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಹೈಬ್ರಿಡ್‌ನ ಹೆಣ್ಣು ಸಾಲು, ಗಂಡು ಸಾಲುಗಳನ್ನು ಒಳಗೊಳಗೇ ಬೆಳೆಸಿಯೇ ಶುದ್ಧ ಮಾಡಿರುತ್ತಾರೆ. ಆಗ ಸೊರಗಿದ ಗಿಡ ಎಷ್ಟೋ ಬಂದಿರುತ್ತವೆ, ಅವನ್ನೆಲ್ಲ ಕಿತ್ತು ಎಸೆದಿರುತ್ತಾರೆ. ಉಳಿದದ್ದು ಗಟ್ಟಿ ಸಾಲು. ಮನುಷ್ಯರಲ್ಲಿ ಸೊರಗಿದ ಕೂಸನ್ನೂ ನಾವು ಎದೆಗೆ ಅಪ್ಪಿಕೊಂಡೇ ಸಾಕುತ್ತೇವೆ. ಹಾಗಾಗಿ ಹುಟ್ಟುವ ಮೊದಲೇ ನೋಡಿಕೊಳ್ಳುವುದು ನಮಗೆ ಹೆಚ್ಚು ಬೇಕಾದದ್ದು.

ವಿದ್ಯಾನಗರ ಲ್ಯಾಬ್:
ಬೆಟಗೇರಿ ಅಕ್ಕಾರೇ, ನಾನು ಹುಬ್ಬಳ್ಳಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಪರೀಕ್ಷೆಯ ವಿಷಯ ನಾನು ಹೇಳುತ್ತೇನೆ.

ಮೊದಲು ಸಿಬಿಸಿ. ಸಾದಾ ರಕ್ತ ಪರೀಕ್ಷೆ, ಎಲ್ಲ ಕಡೆ ಆಗುತ್ತದೆ. ಜನ ಅದರಲ್ಲಿ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಮಡಚಿ ಇಡುತ್ತಾರೆ. ನೀವು ಎಂಸಿವಿ ಎಂಬ ಸಾಲು ನೋಡಿ. ಕೆಂಪು ಕಣ ಎಷ್ಟು ದೊಡ್ಡದಿದೆ ಎಂದು ಅದು ಹೇಳುತ್ತದೆ. 80ಕ್ಕಿಂತ ಕಡಿಮೆ ಇದ್ದರೆ ಕಣ ಸಣ್ಣದು. ಒಂದೊಂದು ಕಣದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಹೇಳುವ ಎಂಸಿಎಚ್ 27ಕ್ಕಿಂತ ಕಡಿಮೆ ಇದ್ದರೂ ಗಮನ ಕೊಡಬೇಕು. ಕಣ ಸಣ್ಣದು, ಆದರೆ ಕಣಗಳ ಎಣಿಕೆ ಮಾತ್ರ ಜಾಸ್ತಿ ಎಂದಿದ್ದರೆ ನಮಗೆ ಥಲಸ್ಸೀಮಿಯಾ ಮೈನರ್ ಮೇಲೆ ಅನುಮಾನ ಬರುತ್ತದೆ. ಕಬ್ಬಿಣ ಕಡಿಮೆ ಇದ್ದವರಲ್ಲೂ ಕಣ ಸಣ್ಣದಾಗುತ್ತದೆ, ಆದರೆ ಅವರಲ್ಲಿ ಸಾಮಾನ್ಯವಾಗಿ ಎಣಿಕೆಯೂ ಕಡಿಮೆ ಇರುತ್ತದೆ.

ಖಚಿತ ಮಾಡಲು ಎಚ್‌ಪಿಎಲ್‌ಸಿ ಬೇಕು, ಅಂದರೆ ರಕ್ತದಲ್ಲಿರುವ ಹಿಮೋಗ್ಲೋಬಿನ್ ಬಗೆಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಪರೀಕ್ಷೆ. ಕೆಲವರು ಹಿಮೋಗ್ಲೋಬಿನ್ ಎಲೆಕ್ಟ್ರೋಫೋರೆಸಿಸ್ ಎಂದು ಬರೆದುಕೊಡುತ್ತಾರೆ. ಅದರಲ್ಲಿ ಎ2 ಎಂಬ ಬಗೆಯ ಹಿಮೋಗ್ಲೋಬಿನ್ ನೂರಕ್ಕೆ ಎಷ್ಟಿದೆ ಎಂಬ ಅಂಕಿ ಬರುತ್ತದೆ. 3.5ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಬೀಟಾ ವಾಹಕ. ಉಪವಾಸ ಬೇಕಿಲ್ಲ. ಕುಡುಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ವಾಹಕರಾಗಿದ್ದರೂ ಇದರಲ್ಲೇ ಗೊತ್ತಾಗುತ್ತದೆ.

ಎರಡು ಎಚ್ಚರಿಕೆ ಹೇಳಲೇಬೇಕು. ಕಬ್ಬಿಣ ತುಂಬಾ ಕಡಿಮೆ ಇದ್ದರೆ ಎ2 ಸುಳ್ಳು ಸುಳ್ಳೇ ಇಳಿದು ಕಾಣಬಹುದು. ಅಂಥವರು ಡಾಕ್ಟರಿಗೆ ತೋರಿಸಿ, ಕಬ್ಬಿಣ ತುಂಬಿಸಿಕೊಂಡು ಮತ್ತೆ ಮಾಡಿಸುವುದು ಒಳ್ಳೆಯದು. ಮೂರು ತಿಂಗಳ ಒಳಗೆ ರಕ್ತ ಹಾಕಿಸಿಕೊಂಡಿದ್ದರೆ ಅದರಲ್ಲಿ ಬೇರೆಯವರ ರಕ್ತವೂ ಬೆರೆತಿರುತ್ತದೆ, ರಿಪೋರ್ಟ್ ನಂಬುವ ಹಾಗಿಲ್ಲ.

ಜೀವಮಾನದಲ್ಲಿ ಒಮ್ಮೆ ಸರಿಯಾಗಿ ಮಾಡಿಸಿದರೆ ಸಾಕು. ಜೀನ್ ಬದಲಾಗುವುದಿಲ್ಲ. ರಿಪೋರ್ಟ್ ಜೋಪಾನವಾಗಿ ಇಡಿ.

ಬೆಟಗೇರಿ ತಾಯಿ:
ನಿಮ್ಮ ಮಾತು ಓದಿ ನನ್ನ ಹಳೇ ಚೀಟಿ ತೆಗೆದು ನೋಡಿದೆ. ನನಗೆ ಮೊದಲ ಬಸುರಿನಿಂದಲೂ ರಕ್ತ ಕಡಿಮೆ ಎಂದೇ ಹೇಳುತ್ತಿದ್ದರು. ಎಷ್ಟು ಗುಳಿಗೆ ನುಂಗಿದರೂ 10ರ ಮೇಲೆ ಏರುತ್ತಿರಲಿಲ್ಲ. ಸರಿಯಾಗಿ ಉಣ್ಣುವುದಿಲ್ಲ ಎಂದು ಅತ್ತೆ ಮನೆಯಲ್ಲಿ ಬೈಸಿಕೊಂಡಿದ್ದೇನೆ. ಎಂಸಿವಿ 64 ಎಂದಿದೆ. ಇಪ್ಪತ್ತು ವರ್ಷ ಯಾರೂ ಈ ಸಾಲು ತೋರಿಸಿರಲಿಲ್ಲ.

ಶಿರಹಟ್ಟಿ ನರ್ಸಕ್ಕ:
ಅಕ್ಕಾ, ಎಚ್‌ಪಿಎಲ್‌ಸಿ ಮಾಡಿಸಿಬಿಡಿ. ಆದರೆ ಇದನ್ನು ಓದಿ ಯಾರೂ ಕಬ್ಬಿಣದ ಗುಳಿಗೆ ನಿಲ್ಲಿಸಬೇಡಿ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಆಗುವುದು ಬಹುತೇಕ ಕಬ್ಬಿಣ ಸಾಲದೆ. ಶಾಲೆಯ ಸಣ್ಣ ಮಕ್ಕಳಿಗೆ ಕೊಡುವ ಗುಲಾಬಿ ಗುಳಿಗೆ, ದೊಡ್ಡ ಹುಡುಗಿಯರ ನೀಲಿ ಗುಳಿಗೆ, ಬಸುರಿಯರ ಕೆಂಪು ಗುಳಿಗೆ ಎಲ್ಲವೂ ಬೇಕು. ವಾಹಕರಿಗೂ ಕಬ್ಬಿಣ ಕಡಿಮೆ ಇರಬಹುದು. ತಿಂಗಳುಗಟ್ಟಲೆ ತಪ್ಪದೆ ನುಂಗಿದರೂ ಏರದಿದ್ದರೆ ಆಗ ಮಾತ್ರ ಬೇರೆ ಕಾರಣ ಹುಡುಕಬೇಕು.

ಈಗಾಗಲೇ ಮದುವೆಯಾದವರಿಗೆ ಹೇಳುತ್ತೇನೆ. ಬಸುರಾದ ಮೊದಲ ತಿಂಗಳುಗಳಲ್ಲೇ ಹೆಂಡತಿಯದು ನೋಡಿಸಿ. ಅವಳು ವಾಹಕಳಾದರೆ ತಕ್ಷಣ ಗಂಡನದು. ನನಗೆ ಕಷ್ಟ ಆಗುವುದು ಇಲ್ಲೇ. ಹೆಂಡತಿಯ ರಕ್ತ ಹತ್ತು ಸಲ ಕೊಡಿಸುತ್ತಾರೆ, ಗಂಡ ಮಾತ್ರ ಬರುವುದಿಲ್ಲ. ನನಗೇನಾಗಿದೆ ಅನ್ನುತ್ತಾರೆ. ಇಬ್ಬರೂ ವಾಹಕರಾದರೆ 11ನೇ ವಾರದ ಆಸುಪಾಸಿನಲ್ಲಿ ಮಾಸಿನ ಚೂರು ತೆಗೆದು, ಇಲ್ಲವೇ 16ನೇ ವಾರದ ಹೊತ್ತಿಗೆ ಗರ್ಭದ ನೀರು ತೆಗೆದು ಮಗುವಿಗೆ ಮೇಜರ್ ಇದೆಯಾ ಎಂದು ನೋಡಬಹುದು. ಹೆಣ್ಣೋ ಗಂಡೋ ಎಂದು ಹೇಳುವುದನ್ನು 1994ರ ಕಾಯ್ದೆ ತಡೆದಿದೆ. ಇಂಥ ರೋಗ ಪತ್ತೆ ಮಾಡಲು, ನೋಂದಾಯಿತ ಕೇಂದ್ರದಲ್ಲಿ, ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ತಡ ಮಾಡಿದಷ್ಟೂ ದಾರಿ ಕಡಿಮೆ.

ಮತ್ತೊಂದು ಮಾತು ಅಕ್ಕಾ. ನೀವು ಅವ್ವನ ಆಸೆ ಬರೆದಿರಿ, ತಮ್ಮನ ಅಂಗಡಿ ಬರೆದಿರಿ. ಮಗಳು ಏನು ಹೇಳುತ್ತಾಳೆ ಎಂದು ಬರೆಯಲಿಲ್ಲ. ಅವಳನ್ನು ಕೇಳಿದ್ದೀರಾ?

ಹಾನಗಲ್ ಅಪ್ಪ:
ನನ್ನ ಮಗಳಿಗೆ ಈಗ 11. ಥಲಸ್ಸೀಮಿಯಾ ಮೇಜರ್. ನಾವು ಸಂಬಂಧದವರಲ್ಲ. ಹೆಂಡತಿಯ ಊರು ನಮ್ಮೂರಿಂದ ನೂರು ಕಿಲೋಮೀಟರ್ ಆಚೆ. ಹೊರಗೆ ಮಾಡಿಕೊಂಡರೆ ಬರುವುದೇ ಇಲ್ಲ ಎಂದು ಯಾರೂ ಅಂದುಕೊಳ್ಳಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಏಳನೇ ತಿಂಗಳಲ್ಲಿ ಮಗು ಬಿಳಿಚಿತು. ಒಬ್ಬ ವೈದ್ಯರು ಕಬ್ಬಿಣದ ಟಾನಿಕ್ ಕೊಟ್ಟರು. ನಾಲ್ಕು ತಿಂಗಳು ಕುಡಿಸಿದೆವು. ಈ ರೋಗದಲ್ಲಿ ದೇಹದಲ್ಲಿ ಕಬ್ಬಿಣ ಜಾಸ್ತಿಯಾಗಿ ಕೂರುವುದೇ ತೊಂದರೆ ಎಂದು ಆಮೇಲೆ ತಿಳಿಯಿತು. ಆ ನಾಲ್ಕು ತಿಂಗಳು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ರಕ್ತದ ದಿನ ಬೆಳಗಿನ ಐದಕ್ಕೆ ಎದ್ದು ತಡಸದ ದಾರಿಯಲ್ಲಿ ಹುಬ್ಬಳ್ಳಿ ಬಸ್ಸು ಹಿಡಿಯುತ್ತೇವೆ. ಹಿಂದಿನ ಎರಡು ದಿನ ಮಗಳು ಮಂಕಾಗಿರುತ್ತಾಳೆ, ಮೆಟ್ಟಿಲು ಹತ್ತಲು ಆಗುವುದಿಲ್ಲ. ರಕ್ತ ಹರಿದು ಮುಗಿಯುವ ಹೊತ್ತಿಗೆ ತುಟಿಗೆ ಬಣ್ಣ ಬರುತ್ತದೆ. ಅಪ್ಪಾ ಗಿರ್ಮಿಟ್ ಕೊಡಿಸು ಅನ್ನುತ್ತಾಳೆ. ಅಷ್ಟು ಕೇಳಿದರೆ ನನಗೆ ಸಾಕು.

ಹಾಕಿಸಿದ ರಕ್ತದ ಜೊತೆ ಕಬ್ಬಿಣವೂ ಒಳಗೆ ಹೋಗುತ್ತದೆ. ಅದನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲ. ಹೃದಯ, ಯಕೃತ್ತು, ಗ್ರಂಥಿಗಳಲ್ಲಿ ಕೂತುಬಿಡುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಡೆಫರಾಸಿರಾಕ್ಸ್ ಗುಳಿಗೆ ನೀರಲ್ಲಿ ಕರಗಿಸಿ ಕುಡಿಸುತ್ತೇವೆ. ಒಂದು ದಿನವೂ ಬಿಡುವುದಿಲ್ಲ. ದೇಹದಲ್ಲಿ ಕಬ್ಬಿಣ ಎಷ್ಟು ಕೂತಿದೆ ಎಂದು ತಿಳಿಸುವ ಫೆರಿಟಿನ್ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಮಾಡಿಸುತ್ತೇವೆ. ಬೆಟಗೇರಿ ಅಕ್ಕಾ, ನಿಮ್ಮ ತಂಗಿಗೆ ಹೇಳಿ, ರಕ್ತದಷ್ಟೇ ಈ ಗುಳಿಗೆಯೂ ಮುಖ್ಯ.

ಪೂರ್ತಿ ವಾಸಿಯಾಗಲು ಈಗ ಇರುವ ದಾರಿ ಅಸ್ಥಿಮಜ್ಜೆ ಕಸಿ. ಒಡಹುಟ್ಟಿದವರದು ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನನ್ನ ಮಗನದು ಹೊಂದಲಿಲ್ಲ. 2023ರಲ್ಲಿ ಬ್ರಿಟನ್ನಿನಲ್ಲಿ ಜೀನ್ ತಿದ್ದುವ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಆ ಸುದ್ದಿ ಓದಿದ ರಾತ್ರಿ ನಾವಿಬ್ಬರೂ ಮಲಗಲಿಲ್ಲ. ಅದು ನಮ್ಮಂಥವರ ಕೈಗೆ ಎಟುಕುವ ದುಡ್ಡಿನದಲ್ಲ. ಆದರೂ ಮಗಳಿಗೆ ಇನ್ನೂ 11, ಕಾಯುತ್ತೇವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರೂ ಸೇರಿವೆ. ಪ್ರಮಾಣಪತ್ರ ಮಾಡಿಸಿಲ್ಲ ಎಂದರೆ ಮಾಡಿಸಿಕೊಳ್ಳಿ.

ಮೊದಲ ವರ್ಷ ನನ್ನ ಅವ್ವ ನನ್ನ ಹೆಂಡತಿಯನ್ನು ತವರಿಗೆ ಕಳಿಸಿಬಿಡು ಅಂದಿದ್ದಳು. ನನ್ನ ರಿಪೋರ್ಟ್ ತಂದು ಅವಳ ಮುಂದೆ ಇಟ್ಟೆ. ನನ್ನದೂ ಅರ್ಧ ಇದೆ ಅವ್ವಾ, ನನ್ನನ್ನು ಎಲ್ಲಿಗೆ ಕಳಿಸುತ್ತೀ ಎಂದು ಕೇಳಿದೆ. ಆಮೇಲೆ ಆ ಮಾತು ಬರಲಿಲ್ಲ.

ಉಣಕಲ್ ಕೆರೆ:
ಹಾನಗಲ್ ಅಣ್ಣಾವರೇ, ನಿಮ್ಮ ಮಗಳು ಚೆನ್ನಾಗಿರಲಿ.

ನಾನು ವಾಹಕಳು. ಮದುವೆಗೆ ಮೊದಲೇ ಗೊತ್ತಿತ್ತು. ಕಾಲೇಜಿನ ರಕ್ತದಾನ ಶಿಬಿರದಲ್ಲಿ ಹಿಮೋಗ್ಲೋಬಿನ್ ಕಡಿಮೆ ಎಂದು ವಾಪಸ್ ಕಳಿಸಿದ್ದರು. ಅಲ್ಲಿದ್ದ ಒಬ್ಬ ಡಾಕ್ಟರ್ ಪರೀಕ್ಷೆ ಮಾಡಿಸು ಅಂದರು, ಹಾಗೆ ತಿಳಿಯಿತು. ಮನೆಯಲ್ಲಿ ಮುಚ್ಚಿಡೋಣ ಅಂದರು. ಎರಡು ಕಡೆಯವರಿಗೆ ಹೇಳಿದೆ, ಎರಡೂ ಕಡೆ ಮುರಿಯಿತು. ಬಹಳ ಅತ್ತೆ. ಮೂರನೆಯವರು ಪರೀಕ್ಷೆ ಮಾಡಿಸಿಕೊಂಡು ರಿಪೋರ್ಟ್ ಕಳಿಸಿದರು. ಅವರದು ಸರಿ ಇತ್ತು. ಈಗ ಇಬ್ಬರು ಮಕ್ಕಳು. ದೊಡ್ಡವಳು ನನ್ನ ಹಾಗೆ ವಾಹಕಳು, ಚಿಕ್ಕವನು ಅಲ್ಲ. ಇಬ್ಬರೂ ಕೆರೆ ದಂಡೆಯಲ್ಲಿ ಸೈಕಲ್ ಹೊಡೆಯುತ್ತಾರೆ, ಯಾರು ವಾಹಕ ಯಾರು ಅಲ್ಲ ಎಂದು ಗುರುತೇ ಸಿಗುವುದಿಲ್ಲ.

ಪರೀಕ್ಷೆ ಮಾಡಿಸಿದರೆ ಮಗಳಿಗೆ ಹೆಸರು ಬರುತ್ತದೆ ಎಂದು ಎಷ್ಟೋ ತಾಯಂದಿರು ಹೆದರುತ್ತಾರೆ. ಹುಡುಗನದನ್ನೂ ಕೇಳಿ ಪಡೆಯುವ ರೂಢಿ ಬಂದರೆ ಆ ಭಯ ಕಡಿಮೆಯಾಗುತ್ತದೆ.

ಸಪ್ತಾಪುರ ಮಾಸ್ತರ:
ಇದಕ್ಕೆ ಒಂದು ದೇಶದ ಕತೆ ಇದೆ, ಹೇಳಲೇಬೇಕು. ಸೈಪ್ರಸ್ ಎಂಬ ಸಣ್ಣ ದ್ವೀಪ. ಅಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರು ವಾಹಕರು. ಹಿಂದೆ ಮಲೇರಿಯಾ ಜಾಸ್ತಿ ಇದ್ದ ಕಡೆಯೆಲ್ಲ ವಾಹಕರು ಜಾಸ್ತಿ, ಏಕೆಂದರೆ ಒಂದು ಕೆಟ್ಟ ಪ್ರತಿ ಇದ್ದವರನ್ನು ಮಲೇರಿಯಾ ಅಷ್ಟಾಗಿ ಕೊಲ್ಲುತ್ತಿರಲಿಲ್ಲ. ನಮ್ಮ ದೇಶದಲ್ಲೂ ಈ ಜೀನ್ ಉಳಿದಿರುವುದಕ್ಕೆ ಅದೇ ಕಾರಣ. ಯಾರದೋ ಪಾಪದ ಫಲ ಅಲ್ಲ, ಯಾವುದೋ ಕಾಲದಲ್ಲಿ ನಮ್ಮ ಹಿರಿಯರ ಜೀವ ಉಳಿಸಿದ್ದು.

ಆ ದ್ವೀಪದಲ್ಲಿ 1970ರ ದಶಕದಲ್ಲಿ ತಪಾಸಣೆ ಶುರುವಾಯಿತು. ಮುಂದೆ ಚರ್ಚಿನವರೂ ಕೈಜೋಡಿಸಿದರು. ಪರೀಕ್ಷೆಯ ಪತ್ರ ತಂದರೆ ಮಾತ್ರ ಮದುವೆ. ಇಬ್ಬರೂ ವಾಹಕರಾದರೂ ಮದುವೆಯನ್ನು ತಡೆಯಲಿಲ್ಲ, ಗೊತ್ತು ಮಾಡಿಕೊಂಡು ಆಗಿ ಅಂದರು. ಕೆಲವೇ ವರ್ಷಗಳಲ್ಲಿ ಮೇಜರ್ ಇರುವ ಮಕ್ಕಳು ಹುಟ್ಟುವುದು ಹೆಚ್ಚು ಕಡಿಮೆ ನಿಂತೇಹೋಯಿತು. ನಮ್ಮಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟುತ್ತಾರೆ ಎಂದು ಅಂದಾಜು. ಸಿಕಲ್ ಸೆಲ್‌ಗೆ 2023ರಲ್ಲಿ ದೇಶದ ಮಟ್ಟದ ಅಭಿಯಾನ ಶುರುವಾಗಿದೆ, 2047ರ ಗುರಿ ಇಟ್ಟುಕೊಂಡು. ಥಲಸ್ಸೀಮಿಯಾಕ್ಕೂ ಅಂಥದೇ ಜೋರು ಬರಬೇಕು. ಮಠ, ಗುಡಿ, ದರ್ಗಾಗಳ ಸಾಮೂಹಿಕ ವಿವಾಹದಲ್ಲಿ ತಾಳಿ ಬಟ್ಟೆ ಕೊಡುವ ಹಿರಿಯರು ಈ ಒಂದು ಪರೀಕ್ಷೆಯನ್ನೂ ಮೊದಲೇ ಮಾಡಿಸಿದರೆ ಎಷ್ಟು ಮನೆ ಉಳಿಯುತ್ತವೆ!

ನರಗುಂದ ಹುಡುಗ:
ಸರ್, ಶುಗರ್ ಕೂಡ ಹೀಗೇನಾ? ನಮ್ಮ ಅಪ್ಪನಿಗೆ ಇದೆ, ಕಾಕಾಗೂ ಇದೆ. ಅಪ್ಪನ ಇಬ್ಬರು ಅಕ್ಕಂದಿರಲ್ಲಿ ಒಬ್ಬರು ಸ್ತನ ಕ್ಯಾನ್ಸರ್‌ನಲ್ಲಿ ತೀರಿಕೊಂಡರು, ಇನ್ನೊಬ್ಬರಿಗೆ ಈಗ ಅದೇ ಆಗಿದೆ. ನನ್ನ ತಂಗಿಗೆ 27.

ಸಪ್ತಾಪುರ ಮಾಸ್ತರ:
ಶುಗರ್ ಹೀಗಲ್ಲ. ಅದಕ್ಕೆ ಒಂದು ಜೀನ್ ಅಲ್ಲ, ನೂರಾರು ಜೀನ್ ಸ್ವಲ್ಪ ಸ್ವಲ್ಪ ಕೈ ಹಾಕುತ್ತವೆ. ಒಂದೇ ಬೀಜವನ್ನು ಎರಿ ಹೊಲದಲ್ಲೂ ಮಸಾರಿ ಹೊಲದಲ್ಲೂ ಬಿತ್ತಿದರ ಹಾಗೆ. ಬೀಜ ನಿಮ್ಮ ಕೈಯಲ್ಲಿಲ್ಲ, ಊಟ, ನಡಿಗೆ, ನಿದ್ದೆ ನಿಮ್ಮ ಕೈಯಲ್ಲಿವೆ. ಅಪ್ಪನಿಗೆ ಇದೆ ಎಂದರೆ ನೀವು ಮೂವತ್ತರಿಂದಲೇ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ.

ಕ್ಯಾನ್ಸರ್ ವಿಷಯ ಮಾತ್ರ ತಡ ಮಾಡಬೇಡಿ. ಸ್ತನ ಕ್ಯಾನ್ಸರ್ ನೂರರಲ್ಲಿ ಐದು ಹತ್ತು ಮಂದಿಗೆ ಮನೆತನದಿಂದ ಬರುತ್ತದೆ. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಜೀನ್‌ಗಳು, 1994 ಮತ್ತು 1995ರಲ್ಲಿ ಪತ್ತೆಯಾದವು. ಹೆಣ್ಣಿನ ರೋಗ, ಅವ್ವನ ಕಡೆ ಮಾತ್ರ ನೋಡಬೇಕು ಎಂದು ಜನ ತಿಳಿಯುತ್ತಾರೆ. ತಪ್ಪು. ಅಪ್ಪನಿಂದಲೂ ಮಗಳಿಗೆ ಬರುತ್ತದೆ. ಇಲ್ಲಿ ಒಂದೇ ಪ್ರತಿ ಕೆಟ್ಟರೂ ಅಪಾಯ ಜಾಸ್ತಿ. ಮೊದಲು ಈಗ ಚಿಕಿತ್ಸೆಯಲ್ಲಿರುವ ಅತ್ತೆಯ ಡಾಕ್ಟರನ್ನೇ ಕೇಳಿ. ರೋಗ ಬಂದವರ ಪರೀಕ್ಷೆ ಮೊದಲು ಆದರೆ ಉಳಿದವರಿಗೆ ಏನು ಹುಡುಕಬೇಕು ಎಂದು ತಿಳಿಯುತ್ತದೆ.

ಬೆಟಗೇರಿ ತಾಯಿ (ಮೂರು ವಾರದ ನಂತರ):
ಎಲ್ಲರಿಗೂ ಹೇಳುತ್ತೇನೆ ಅಂದಿದ್ದೆ. ರಿಪೋರ್ಟ್ ಬಂದಿವೆ.

ನನ್ನ ಎ2 5.3. ಮಗಳದು 5.1. ನಾವಿಬ್ಬರೂ ವಾಹಕರು. ತಮ್ಮನದು 2.6, ಎಂಸಿವಿ ಕೂಡ ಸರಿ ಇದೆ. ಅವನಿಗೆ ಇಲ್ಲ.

ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ನನಗ್ಯಾಕೆ ಸೂಜಿ ಎಂದು ದಾರಿಯುದ್ದಕ್ಕೂ ಗೊಣಗಿದಳು. ಅವಳದು 5.4.

ಲ್ಯಾಬಿನವರು ಹೇಳಿದಾಗ ಅವಳಿಗೆ ಅರ್ಥವಾಗಲಿಲ್ಲ. ಮನೆಗೆ ಬಂದು ಮಾಸ್ತರರು ಬರೆದದ್ದನ್ನು ನಿಧಾನವಾಗಿ ಓದಿ ಹೇಳಿದೆ. ಇದು ಅವಳಿಂದ ನನಗೆ, ತಂಗಿಗೆ ಬಂದದ್ದು. ಅವಳ ಅಣ್ಣನಿಗೂ ಅದೇ ಇರಬಹುದು, ಅವನಿಂದ ಅವನ ಮಗನಿಗೆ. ಅತ್ತೆಯ ತವರಿನಿಂದಲೇ ಬಂದದ್ದು ಎನ್ನಲು ಆಗುವುದಿಲ್ಲ. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ರಾತ್ರಿ ಊಟ ಮಾಡಲಿಲ್ಲ.

ಮದುವೆಯ ಮಾತು. ತಮ್ಮನಿಗೆ ಇಲ್ಲ ಎಂದ ಮೇಲೆ ಮಾಡಬಹುದಲ್ವಾ ಎಂದು ಮನೆಯಲ್ಲಿ ಮತ್ತೆ ಎದ್ದಿತು. ಆಗ ನರ್ಸಕ್ಕನ ಪ್ರಶ್ನೆ ನೆನಪಾಯಿತು. ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದೆ. ಮಾಮಾ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೇರು ತೋರಿಸಿದವನು, ಅವನನ್ನು ಗಂಡ ಎಂದು ನನಗೆ ನೋಡಲಾಗುವುದಿಲ್ಲ ಅಂದಳು. ನೀವೆಲ್ಲ ಮಾತಾಡಿ ಮುಗಿಸಿದ್ದಿರಿ, ಅದಕ್ಕೆ ಸುಮ್ನೆ ಇದ್ದೆ ಅಂದಳು. ತಮ್ಮನಿಗೆ ಹೇಳಿದೆ. ಅವನಿಗೂ ಮನಸ್ಸು ಹಗುರಾದಂತೆ ಕಂಡಿತು. ನಿಶ್ಚಯ ಬಿಟ್ಟೆವು.

ಮಾಸ್ತರೇ, ತಮ್ಮನಿಗೆ ಇಲ್ಲ ಎಂದ ಮೇಲೂ ಸಂಬಂಧದಲ್ಲಿ ಬೇರೆ ಭಯ ಇತ್ತಾ?

ಸಪ್ತಾಪುರ ಮಾಸ್ತರ:
ಥಲಸ್ಸೀಮಿಯಾದ ಭಯ ಇರಲಿಲ್ಲ ತಂಗೀ. ಆದರೆ ನಮ್ಮೆಲ್ಲರೊಳಗೂ ಹೆಸರು ಗೊತ್ತಿಲ್ಲದ ಒಂದೆರಡು ಕೆಟ್ಟ ಪ್ರತಿ ಇದ್ದೇ ಇರುತ್ತವೆ. ಹುಟ್ಟು ಕಿವುಡು, ಕೆಲವು ಬುದ್ಧಿಮಾಂದ್ಯತೆ, ಕಣ್ಣಿನ ಕೆಲವು ರೋಗಗಳು ಹೀಗೇ ಇಳಿಯುತ್ತವೆ. ಅವನ್ನೆಲ್ಲ ಒಂದು ಪರೀಕ್ಷೆಯಲ್ಲಿ ನೋಡಲಾಗುವುದಿಲ್ಲ. ಮಗಳು ಬೇಡ ಎಂದದ್ದು ಒಳ್ಳೆಯದೇ ಆಯಿತು. ಮುಂದೆ ಬರುವ ವರನಿಗೆ ಎಚ್‌ಪಿಎಲ್‌ಸಿ ಕೇಳಿ. ತಮ್ಮ ಯಾರನ್ನು ಮಾಡಿಕೊಂಡರೂ ಅವರ ಮಕ್ಕಳಿಗೆ ಬೀಟಾ ಮೇಜರ್ ಬರುವುದಿಲ್ಲ.

ಬೆಟಗೇರಿ ತಾಯಿ:
ಕೇಳುತ್ತೇನೆ ಸರ್. ಜಾತಕದ ಜೊತೆ ಮಗಳ ರಿಪೋರ್ಟನ್ನೂ ಒಂದೇ ಕವರಿನಲ್ಲಿ ಇಟ್ಟಿದ್ದೇನೆ.

ಇನ್ನೊಂದು ಹೇಳುವುದಿದೆ. ನಿನ್ನೆ ಬೆಳಿಗ್ಗೆ ಅವ್ವ ನನ್ನ ಫೋನ್ ಇಸಿದುಕೊಂಡು ಅತ್ತೆಗೆ ಹಚ್ಚಿಸಿಕೊಂಡಳು. ವೈನೀ ಅಂದಳು, ಆಮೇಲೆ ಅಳು. ಆ ಕಡೆಯಿಂದಲೂ ಅಳುವೇ ಕೇಳಿತು. ಬುಧವಾರ ತಂಗಿಯ ಮಗನಿಗೆ ರಕ್ತದ ದಿನ. ಅವ್ವ, ಅತ್ತೆ ಇಬ್ಬರೂ ಕೂಡಿ ಅವನ ಜೊತೆ ಹುಬ್ಬಳ್ಳಿಗೆ ಹೋಗುತ್ತಾರಂತೆ.

ಈ ಸಲ ರಕ್ತ ಇನ್ನೂ ಸಿಕ್ಕಿಲ್ಲ. ಅವನದು ಬಿ ಪಾಸಿಟಿವ್. ಹುಬ್ಬಳ್ಳಿ ಧಾರವಾಡ ಕಡೆಯವರು ಯಾರಾದರೂ ಇದ್ದರೆ ತಿಳಿಸಿ.

ರಾಣೆಬೆನ್ನೂರು ಬೀಜದವ:
ಅಕ್ಕಾರೇ, ನನ್ನದು ಬಿ ಪಾಸಿಟಿವ್. ಹಿಂದಿನ ಸಲ ಕೊಟ್ಟು ನಾಲ್ಕು ತಿಂಗಳಾಯಿತು. ಮಂಗಳವಾರ ಅಮರಗೋಳ ಎಪಿಎಂಸಿಗೆ ಬರುವವನಿದ್ದೇನೆ, ಹನ್ನೊಂದರ ಒಳಗೆ ಕೆಲಸ ಮುಗಿಯುತ್ತದೆ. ಎಲ್ಲಿಗೆ ಬರಬೇಕು ಹೇಳಿ. ನನ್ನ ಮಗನದೂ ಅದೇ ಗುಂಪು, ಅವನನ್ನೂ ಕರೆತರುತ್ತೇನೆ.